ಕಂಡದ್ದನ್ನು ಮತ್ತೆ ಹೇಳಬೇಡ, ಪುಟ್ಟೀ

ಸಾಗರ
ಶನಿವಾರ ಬೆಳಿಗ್ಗೆ

ಚಿ. ಪುಟ್ಟಿಗೆ,

ಟೀವಿಯ ಕನ್ನಡ ಕಾಮೆಂಟರಿ ತಂಡಕ್ಕೆ ನೀನು ಆಯ್ಕೆಯಾದ ಸುದ್ದಿಯನ್ನು ಅಕ್ಕ ಫೋನಿನಲ್ಲಿ ಹೇಳಿದಳು. ನಿನ್ನ ಅತ್ತೆ ಅವತ್ತೇ ಪಾಯಸ ಮಾಡಿ ಅಕ್ಕಪಕ್ಕದ ಮನೆಗಳಿಗೆಲ್ಲ ಕೊಟ್ಟು ಬಂದಳು. ರಾತ್ರಿ ನಿನ್ನ ಮೆಸೇಜು ಬಂತು. ಅದರ ಕೊನೆಯ ಸಾಲು ಮಾತ್ರ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ತರಬೇತಿ ಕೊಡಲು ಬಂದವರೊಬ್ಬರು, ಮೈಕ್ ಆನ್ ಇರುವಷ್ಟು ಹೊತ್ತೂ ಮಾತು ನಿಲ್ಲಕೂಡದು, ಒಂದು ಗಳಿಗೆ ಸುಮ್ಮನಾದರೂ ನೋಡುವವರು ಚಾನೆಲ್ ಬದಲಿಸುತ್ತಾರೆ ಅಂದರಂತೆ. ‘ಅಷ್ಟೊಂದು ಮಾತು ಎಲ್ಲಿಂದ ತರಲಿ ಮಾವ?’ ಅಂತ ನೀನು ಕೇಳಿದ್ದೀಯ. ಮೊಬೈಲಿನಲ್ಲಿ ಟೈಪ್ ಮಾಡಿ ಮುಗಿಸುವಂಥ ಉತ್ತರ ಅಲ್ಲ ಅದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನಗೆ ಅಷ್ಟೊಂದು ಮಾತು ಬೇಡ ಕಣೇ. ಇದನ್ನು ನಾನಾಗಿ ಹೇಳುತ್ತಿಲ್ಲ. ಟೀವಿ ಕ್ರಿಕೆಟ್ಟಿನಲ್ಲಿ ಐವತ್ತು ವರ್ಷ ಮೈಕ್ ಹಿಡಿದವರೊಬ್ಬರ ಬದುಕೇ ಇದನ್ನು ಹೇಳುತ್ತದೆ. ರಿಚೀ ಬೆನೋ ಹೆಸರನ್ನು ನೀನು ಕೇಳಿರುತ್ತೀಯ. ಬಿಳಿ ಕೂದಲು, ಕೆನೆಬಣ್ಣದ ಕೋಟು, ಕೆಳತುಟಿಯನ್ನು ಸ್ವಲ್ಪ ಮುಂದೆ ಚಾಚಿ ಕ್ಯಾಮೆರಾ ಕಡೆ ನೋಡುತ್ತ ಎಲ್ಲರಿಗೂ ಶುಭ ಬೆಳಗು ಹೇಳುವ ಮುದುಕರು, ಅಷ್ಟು ನಿನ್ನ ತಲೆಮಾರಿಗೆ ಯೂಟ್ಯೂಬಿನಿಂದ ಗೊತ್ತು. ನನಗೆ ಅವರು ಸಿಕ್ಕಿದ್ದು ಬೆಳಗಿನ ಜಾವದಲ್ಲಿ. ಸಿಡ್ನಿಯಲ್ಲಿ ಟೆಸ್ಟ್ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಗಂಟೆ ಐದು. ಮನೆಯವರ ನಿದ್ದೆ ಕೆಡದಂತೆ ಟೀವಿಯ ದನಿ ತಗ್ಗಿಸಿ ಕೂರುತ್ತಿದ್ದೆ. ಅಷ್ಟು ತಗ್ಗಿಸಿದರೂ ಅವರ ಒಂದು ಮಾತೂ ತಪ್ಪುತ್ತಿರಲಿಲ್ಲ. ಆಡುತ್ತಿದ್ದುದೇ ಅಷ್ಟು ಕಡಿಮೆ, ಆಡಿದ್ದು ಅಷ್ಟು ಸ್ಪಷ್ಟ. ಪತ್ರಿಕೆಯ ಕ್ರೀಡಾ ಪುಟಕ್ಕೆ ತಲೆಬರಹ ಕೊಡುವಾಗ ಒಂದು ಪದ ಹೆಚ್ಚಾಯಿತೇ ಅಂತ ನೋಡುವ ಅಭ್ಯಾಸ ನನಗೆ ಬಂದದ್ದರಲ್ಲಿ ಅವರ ಪಾಲೂ ಇದೆ.

ಮೊದಲು ಅವರ ಆಟದ ಮಾತು. ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. 1930ರಲ್ಲಿ ನ್ಯೂ ಸೌತ್ ವೇಲ್ಸ್‌ನ ಪೆನ್ರಿತ್‌ನಲ್ಲಿ ಹುಟ್ಟಿದರು. ಅಪ್ಪ ಲೂ ಬೆನೋ ಹಳ್ಳಿಗಳಲ್ಲಿ ಶಾಲಾ ಮೇಷ್ಟ್ರು. ಅವರೂ ಲೆಗ್ ಸ್ಪಿನ್ನರ್, ಒಂದು ಸ್ಥಳೀಯ ಪಂದ್ಯದ ಎರಡೂ ಇನಿಂಗ್ಸ್‌ ಸೇರಿ ಇಪ್ಪತ್ತಕ್ಕೆ ಇಪ್ಪತ್ತು ವಿಕೆಟ್ ಕಿತ್ತವರು. ಮಗ 1952ರಲ್ಲಿ ಟೆಸ್ಟ್ ಆಡಿದರೂ ಶುರುವಿನ ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. 1953ರ ಇಂಗ್ಲೆಂಡ್ ಪ್ರವಾಸದಲ್ಲಿ ಹಿರಿಯ ಬೌಲರ್ ಬಿಲ್ ಓ’ರೈಲಿ ಈ ಹುಡುಗನನ್ನು ಕೂರಿಸಿಕೊಂಡು ಬುದ್ಧಿ ಹೇಳಿದರು. ಪ್ರತಿ ಚೆಂಡಿಗೂ ವಿಕೆಟ್ ಬೇಕೆಂದು ಬಗೆಬಗೆಯ ಎಸೆತ ಹುಡುಕಬೇಡ, ಚೆನ್ನಾಗಿ ತಿರುಗುವ ಒಂದು ಲೆಗ್ ಬ್ರೇಕನ್ನು ಕೈಗೆ ಹತ್ತಿಸಿಕೊ, ಅದಕ್ಕೆ ನಾಲ್ಕು ವರ್ಷ ಹಿಡಿಯುತ್ತದೆ ಎಂದರು. ಲೆಕ್ಕ ಹಾಕಿದಂತೆ ನಾಲ್ಕು ವರ್ಷವೇ ಹಿಡಿಯಿತು. 1957–58ರ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ ಬೆನೋ ಟೆಸ್ಟ್‌ಗಳಲ್ಲಿ 30, ಒಟ್ಟಾರೆ 106 ವಿಕೆಟ್ ತೆಗೆದರು.

ಅದರ ನಡುವೆ ಒಂದು ಸಣ್ಣ ಕಥೆ ಇದೆ, ನಿನಗೆ ಇಷ್ಟವಾಗುತ್ತದೆ. ಚೆಂಡು ತಿರುಗಿಸಿ ತಿರುಗಿಸಿ ಅವರ ಬೆರಳಿನ ಚರ್ಮ ಕಿತ್ತು ಬರುತ್ತಿತ್ತು. ನ್ಯೂಜಿಲೆಂಡಿನ ಟಿಮರೂ ಎಂಬ ಊರಿನಲ್ಲಿ ಬೇರೇನೋ ಔಷಧಿ ತರಲು ಹೋದಾಗ ಅಂಗಡಿಯವರು ಆ ಕೈ ನೋಡಿ ಕ್ಯಾಲಮೈನ್ ಲೋಷನ್ನಿಗೆ ಬೋರಿಕ್ ಪುಡಿ ಸೇರಿಸಿ ಹಚ್ಚಿಕೊಳ್ಳಲು ಹೇಳಿದರು. ಗಾಯ ಮಾಯಿತು, ಆಮೇಲೆ ಎಷ್ಟು ಹೊತ್ತು ಬೇಕಾದರೂ ಬೌಲ್ ಮಾಡುವಂತಾಯಿತು. ಚಂದ್ರಶೇಖರ್, ಕುಂಬ್ಳೆ ಬೆಳೆದ ನಾಡಿನವಳು ನೀನು, ಮೇಲಾಗಿ ಕಾಲೇಜು ತಂಡಕ್ಕೆ ಸ್ಪಿನ್ ಹಾಕಿದವಳು. ಬೆರಳಿನ ಸಂಕಟ ನಿನಗೆ ನಾನು ಹೇಳಬೇಕಿಲ್ಲ.

63 ಟೆಸ್ಟ್, 248 ವಿಕೆಟ್, 2201 ರನ್. ಟೆಸ್ಟ್ ಕ್ರಿಕೆಟ್ಟಿನಲ್ಲಿ 200 ವಿಕೆಟ್ ಮತ್ತು 2000 ರನ್ ಎರಡನ್ನೂ ದಾಟಿದ ಮೊದಲಿಗರು ಅವರು. 28 ಟೆಸ್ಟ್‌ಗಳಲ್ಲಿ ನಾಯಕ, ಒಂದು ಸರಣಿಯನ್ನೂ ಸೋಲಲಿಲ್ಲ. 1960ರ ಡಿಸೆಂಬರಿನಲ್ಲಿ ಬ್ರಿಸ್ಬೇನ್‌ನಲ್ಲಿ ಫ್ರಾಂಕ್ ವೊರೆಲ್ ಅವರ ವೆಸ್ಟ್ ಇಂಡೀಸ್ ಎದುರು ಚರಿತ್ರೆಯ ಮೊದಲ ಟೈ ಟೆಸ್ಟ್ ಆದಾಗ ಆಸ್ಟ್ರೇಲಿಯಾದ ನಾಯಕ ಇವರೇ. ನಮ್ಮವರೂ ಅವರಿಗೆ ಸೋಲಿನ ರುಚಿ ತೋರಿಸಿದ್ದಾರೆ. 1959ರಲ್ಲಿ ಕಾನ್ಪುರದಲ್ಲಿ ಜಸು ಪಟೇಲ್ ಒಂದೇ ಇನಿಂಗ್ಸ್‌ನಲ್ಲಿ 69 ರನ್ನಿಗೆ 9 ವಿಕೆಟ್ ಕಿತ್ತು, ಭಾರತ ಆಸ್ಟ್ರೇಲಿಯಾವನ್ನು ಟೆಸ್ಟ್‌ನಲ್ಲಿ ಮೊದಲ ಬಾರಿಗೆ ಸೋಲಿಸಿತಲ್ಲ, ಆಗ ಸೋತ ತಂಡದ ನಾಯಕರು ಬೆನೋ.

ಇಷ್ಟು ದೊಡ್ಡ ಆಟಗಾರ ಮೈಕಿನ ಮುಂದೆ ಕೂತರೆ ಕೇಳುವವರಿಗೇನು ಕೊರತೆ, ಹೆಸರೊಂದೇ ಸಾಕಾಗಿತ್ತು ಅಂತ ನಿನಗನ್ನಿಸಬಹುದು. ನಾನು ಅವರನ್ನು ಗೌರವಿಸುವುದು ಅವರು ಹೆಸರಿನ ಮೇಲೆ ಕೂರಲಿಲ್ಲ ಎಂಬ ಕಾರಣಕ್ಕೆ. 1956ರಲ್ಲಿ ಇಂಗ್ಲೆಂಡ್ ಪ್ರವಾಸ ಮುಗಿಯಿತು. ಜಿಮ್ ಲೇಕರ್ ಮ್ಯಾಂಚೆಸ್ಟರ್‌ನಲ್ಲಿ 19 ವಿಕೆಟ್ ಕಿತ್ತು ಆಸ್ಟ್ರೇಲಿಯಾಕ್ಕೆ ಮಣ್ಣು ಮುಕ್ಕಿಸಿದ ಬೇಸಿಗೆ ಅದು. ಭಾರತ, ಪಾಕಿಸ್ತಾನದ ಟೆಸ್ಟ್‌ಗಳಿಗೆ ಮುಂಚೆ ತಂಡದವರಿಗೆ ಬಿಡುವು ಸಿಕ್ಕಿತು. ಬೆನೋಗೆ ಆಗ ಇಪ್ಪತ್ತೈದು ವರ್ಷ. ಅವರು ಲಂಡನ್ನಿನಲ್ಲೇ ಉಳಿದು ಬಿಬಿಸಿಯಲ್ಲಿ ಮೂರು ವಾರದ ಟೆಲಿವಿಷನ್ ತರಬೇತಿಗೆ ಸೇರಿಕೊಂಡರು. ಆಸ್ಟ್ರೇಲಿಯಾದಲ್ಲಿ ಟೀವಿ ಆಗಷ್ಟೇ ಕಣ್ಣು ಬಿಡುತ್ತಿತ್ತು. ಆಡುವ ದಿನಗಳು ಇನ್ನೂ ಎಂಟು ವರ್ಷ ಬಾಕಿ ಇರುವಾಗ, ಯಾರೂ ಕರೆಯದೆ ಇರುವಾಗ, ಮುಂದಿನ ಕಸುಬನ್ನು ಕಲಿಯಲು ವಿದ್ಯಾರ್ಥಿಯಾಗಿ ಹೋಗಿ ಕೂತರು.

ಅಲ್ಲಿ ಅವರು ಗಮನವಿಟ್ಟು ನೋಡಿದ್ದು ಮೂವರನ್ನು, ಮೂವರೂ ಬೇರೆ ಬೇರೆ ಆಟದವರು. ಕುದುರೆ ಓಟದ ಪೀಟರ್ ಓ’ಸಲಿವನ್, ಟೆನಿಸ್‌ನ ಡ್ಯಾನ್ ಮಾಸ್ಕೆಲ್, ಗಾಲ್ಫ್‌ನ ಹೆನ್ರಿ ಲಾಂಗ್‌ಹರ್ಸ್ಟ್. ಓ’ಸಲಿವನ್ ಜೊತೆ ರೇಸ್ ಕೋರ್ಸಿಗೆ ಹೋಗಿ ಇಡೀ ದಿನ ಅವರ ಬೆನ್ನ ಹಿಂದೆ ನಿಂತು ಕೆಲಸ ಕಂಡರು. ಕೆಲವೇ ನಿಮಿಷದಲ್ಲಿ ಮುಗಿಯುವ ಓಟಕ್ಕೆ ಗಂಟೆಗಟ್ಟಲೆ ತಯಾರಿ. ಯಾವ ಜಾಕಿಯ ಅಂಗಿ ಯಾವ ಬಣ್ಣ, ಯಾವ ಕುದುರೆಯ ಮಾಲೀಕ ಯಾರು, ಎಲ್ಲ ಬಾಯಿಪಾಠವಾಗಿರಬೇಕು. ಹಿಂಡಾಗಿ ಬರುವ ಕುದುರೆಗಳ ನಡುವೆ ಹೆಸರು ತಡವರಿಸಿದರೆ ಅಷ್ಟರಲ್ಲಿ ಓಟವೇ ಮುಗಿದಿರುತ್ತದೆ. ಮಾಸ್ಕೆಲ್ ಮತ್ತು ಲಾಂಗ್‌ಹರ್ಸ್ಟ್ ಕಲಿಸಿದ್ದು ಮತ್ತೊಂದು ವಿದ್ಯೆ. ಟೆನಿಸ್‌ನಲ್ಲಿ ಚೆಂಡು ನೆಟ್ಟಿನಾಚೆ ಈಚೆ ಓಡುತ್ತಿರುವಾಗ ಮಾತಾಡಿದರೆ ಅದು ಅಪಚಾರ. ಗಾಲ್ಫ್‌ನಲ್ಲಿ ಆಟಗಾರ ಚೆಂಡಿನ ಮುಂದೆ ಬಗ್ಗಿ ನಿಂತಾಗ ಪ್ರೇಕ್ಷಕರೆಲ್ಲ ಉಸಿರು ಬಿಗಿಹಿಡಿದಿರುತ್ತಾರೆ, ಅಲ್ಲಿ ಮಾತಿಗೇನು ಕೆಲಸ? ಬೆನೋ ಇದನ್ನು ಕ್ರಿಕೆಟ್ಟಿಗೆ ತಂದರು. ತಯಾರಿಯನ್ನು ಕುದುರೆ ಓಟದವರಿಂದಲೂ ಮೌನವನ್ನು ಟೆನಿಸ್, ಗಾಲ್ಫ್‌ನವರಿಂದಲೂ ಕಲಿತು ತಂದರು ಅಂದರೆ ಸರಿಯಾದೀತು.

ಆ ತರಬೇತಿ ಮುಗಿಸಿ ಅವರು ತಂಡವನ್ನು ಕೂಡಿಕೊಂಡು ಬಂದದ್ದು ನಮ್ಮ ಕಡೆಗೇ. ಮೊದಲು ಕರಾಚಿ, ಆಮೇಲೆ ಅಕ್ಟೋಬರಿನಲ್ಲಿ ಮದ್ರಾಸು. ಮದ್ರಾಸಿನಲ್ಲಿ 72 ರನ್ನಿಗೆ 7 ವಿಕೆಟ್, ಅವರ ಟೆಸ್ಟ್ ಬದುಕಿನ ಅತ್ಯುತ್ತಮ ಬೌಲಿಂಗ್ ಅದು. ಕಲ್ಕತ್ತದಲ್ಲಿ ಮತ್ತೆ ಹನ್ನೊಂದು. ಟೀವಿಯ ಪಾಠ ಕಲಿತ ಬೆನ್ನಲ್ಲೇ ಲೆಗ್ ಸ್ಪಿನ್ನೂ ಫಲ ಕೊಡತೊಡಗಿತ್ತು ನೋಡು.

ಊರಿಗೆ ಹೋದ ಮೇಲೆ ಮಾಡಿದ ಕೆಲಸ ನನಗೆ ಇನ್ನೂ ಹತ್ತಿರದ್ದು. ಸಿಡ್ನಿಯ ‘ದ ಸನ್’ ಪತ್ರಿಕೆಯ ಲೆಕ್ಕಪತ್ರ ವಿಭಾಗದಲ್ಲಿ ಅವರಿಗೆ ನೌಕರಿ ಇತ್ತು. ಸಂಪಾದಕೀಯ ವಿಭಾಗಕ್ಕೆ ಬರಬೇಕೆಂದು ಕೇಳಿದರು. ಟೆಸ್ಟ್ ಆಟಗಾರನಿಗೆ ಕ್ರೀಡಾ ಅಂಕಣ ಸಲೀಸಾಗಿ ಸಿಗುತ್ತಿತ್ತು, ಆದರೆ ಅವರು ಸೇರಿಕೊಂಡದ್ದು ಕ್ರೈಂ ಬೀಟಿಗೆ. ನೋಯೆಲ್ ಬೇಲಿ ಎಂಬ ಪಳಗಿದ ಅಪರಾಧ ವರದಿಗಾರರ ಕೈಕೆಳಗೆ ಪೊಲೀಸ್ ಸುದ್ದಿಯ ಬೆನ್ನು ಹತ್ತಿ ತಿರುಗಿದರು. ನನ್ನ ಜೊತೆಯವರಲ್ಲಿ ಕ್ರೈಂ ಬೀಟಿನಿಂದ ಬಂದವರ ಬರವಣಿಗೆಯನ್ನು ನಾನು ದೂರದಿಂದಲೇ ಗುರುತು ಹಿಡಿಯುತ್ತಿದ್ದೆ. ಯಾರು, ಎಲ್ಲಿ, ಯಾವಾಗ, ಹೇಗೆ ಎಂಬುದು ಮೊದಲ ಎರಡು ವಾಕ್ಯದಲ್ಲಿ ಬಂದಿರುತ್ತದೆ. ಅಚ್ಚಿಗೆ ಹೋಗುವ ಹೊತ್ತು ಹತ್ತಿರ ಬಂದಾಗ ಪಬ್ಲಿಕ್ ಫೋನಿನಲ್ಲಿ ನಿಂತು ಸುದ್ದಿ ಒದರಬೇಕಾದವನಿಗೆ ಅಲಂಕಾರಕ್ಕೆ ಪುರುಸೊತ್ತಿಲ್ಲ, ಗೊತ್ತಿಲ್ಲದ್ದನ್ನು ಸೇರಿಸುವ ಧೈರ್ಯವೂ ಇರುವುದಿಲ್ಲ. ಬೆನೋ ಅವರ ಕಾಮೆಂಟರಿಯಲ್ಲಿ ನಮಗೆ ಕೇಳಿಸುತ್ತಿದ್ದ ಆ ಬಿಗಿಯನ್ನು ಅವರು ಸ್ಟುಡಿಯೋದಲ್ಲಿ ಕಲಿಯಲಿಲ್ಲ, ಪೊಲೀಸ್ ಠಾಣೆಯ ಮೆಟ್ಟಿಲುಗಳ ಮೇಲೆ ಕಲಿತರು ಅಂತ ನಾನು ನಂಬಿದ್ದೇನೆ.

1963ರಲ್ಲಿ ಬಿಬಿಸಿ ಟೀವಿಯಲ್ಲಿ ಶುರು ಮಾಡಿದರು. 1964ರಲ್ಲಿ ಆಟಕ್ಕೆ ವಿದಾಯ ಹೇಳಿದರು. ಅಲ್ಲಿಂದ ಮುಂದೆ ಇಂಗ್ಲೆಂಡಿನ ಬೇಸಿಗೆ, ಆಸ್ಟ್ರೇಲಿಯಾದ ಬೇಸಿಗೆ, ಚಳಿಗಾಲವೇ ಇಲ್ಲದ ಬದುಕು. ಆಡಿದ್ದು ಮತ್ತು ವಿವರಿಸಿದ್ದು ಸೇರಿ ಸುಮಾರು 500 ಟೆಸ್ಟ್‌ಗಳನ್ನು ಅವರು ಕಂಡಿದ್ದಾರೆ ಅನ್ನುತ್ತಾರೆ. ಬಿಬಿಸಿ ಬಾಕ್ಸಿನಲ್ಲಿ ಬಹಳ ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತವರು ಯಾರು ಗೊತ್ತೇ? ಅದೇ ಜಿಮ್ ಲೇಕರ್.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಬೆಳೆದದ್ದು ರೇಡಿಯೋ ಕಾಮೆಂಟರಿಯಲ್ಲಿ. ರೇಡಿಯೋದಲ್ಲಿ ಸುಮ್ಮನಾದರೆ ಕೇಳುಗ ಕುರುಡನಾಗುತ್ತಾನೆ. ಫೀಲ್ಡರ್ ಎಲ್ಲಿ ನಿಂತಿದ್ದಾನೆ, ಗಾಳಿ ಯಾವ ಕಡೆ, ಬ್ಯಾಟ್ಸ್‌ಮನ್ ಗ್ಲೌಸ್ ಸರಿ ಮಾಡಿಕೊಂಡನೇ, ಎಲ್ಲವನ್ನೂ ಬಾಯಿಂದಲೇ ತೋರಿಸಬೇಕು. ಟೀವಿಯಲ್ಲಿ ನೋಡುವವನ ಎದುರಿಗೆ ಚಿತ್ರ ಇದೆ. ‘ಚೆಂಡು ಬೌಂಡರಿ ಕಡೆ ಹೋಗುತ್ತಿದೆ, ಹೋಗುತ್ತಿದೆ, ಹೋಯಿತು, ನಾಲ್ಕು ರನ್’ ಎಂದರೆ ಅವನಿಗೆ ನೀನು ಏನು ಕೊಟ್ಟ ಹಾಗಾಯಿತು? ಅವನ ಕಣ್ಣಿನ ಮೇಲೆ ನಿನಗೆ ನಂಬಿಕೆಯಿಲ್ಲ ಅಂತ ಹೇಳಿದ ಹಾಗಾಯಿತು. ಪರದೆಯ ಮೇಲಿರುವುದಕ್ಕೆ ಏನಾದರೂ ಸೇರಿಸಲು ಸಾಧ್ಯವಿದ್ದರೆ ಸೇರಿಸು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರು ಎಂಬುದು ಬೆನೋ ತಮಗೂ ಕಿರಿಯರಿಗೂ ಹಾಕಿದ ನಿಯಮ. ಆ ನಿಯಮದಲ್ಲಿ ಮೊದಲ ಅರ್ಧವೇ ಕಷ್ಟದ್ದು. ಸೇರಿಸುವುದು ಅಂದರೆ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳದೆ ಹೋದದ್ದನ್ನು ಹೇಳುವುದು. ನಾಯಕ ಎರಡನೇ ಸ್ಲಿಪ್ಪನ್ನು ತೆಗೆದು ಮಿಡ್ ವಿಕೆಟ್ಟಿಗೆ ಕಳಿಸಿದ್ದು ಯಾಕೆ, ಹಿಂದಿನ ಓವರಿಗಿಂತ ಈ ಓವರಿನಲ್ಲಿ ಬೌಲರ್ ಕ್ರೀಸಿನ ಅಂಚಿನಿಂದ ಹಾಕುತ್ತಿರುವುದು ಯಾಕೆ. ಅದು ಹೊಳೆಯಬೇಕಾದರೆ ನೀನು ಪಂದ್ಯವನ್ನು ನೋಡುತ್ತಿರಬೇಕು. ಮುಂದೇನು ಮಾತಾಡಲಿ ಅಂತ ತಲೆಯೊಳಗೆ ಹುಡುಕುತ್ತಿರುವವಳಿಗೆ ನೋಡಲು ಬಿಡುವೆಲ್ಲಿ?

ಇನ್ನೊಂದು ಮಾತು ನೆನಪಿಡು. ನೋಡುವವನಿಗೆ ಕಾಣುವುದು ಡೈರೆಕ್ಟರ್ ತೋರಿಸಿದ ಚಿತ್ರ ಮಾತ್ರ. ನೀನು ಬಾಕ್ಸಿನ ಗಾಜಿನಾಚೆ ಮೈದಾನದ ಮೂಲೆಯಲ್ಲಿ ಏನೋ ಕಂಡು ಅದನ್ನೇ ಮಾತಾಡಿದರೆ, ಪರದೆಯ ಮೇಲೆ ಬೇರೇನೋ ಇದ್ದರೆ, ಮನೆಯಲ್ಲಿ ಕೂತ ಅಜ್ಜನಿಗೆ ಗೊಂದಲ. ಆದ್ದರಿಂದ ಒಂದು ಕಣ್ಣು ಸದಾ ಮಾನಿಟರ್ ಮೇಲಿರಲಿ. ಬೌಲರ್ ಓಟ ಶುರು ಮಾಡಿದಾಗ ಮಾತು ನಿಲ್ಲಿಸು. ಚೆಂಡು ಬಿತ್ತು, ಬ್ಯಾಟು ತಾಗಿತು, ಜನ ಕೂಗಿದರು. ಆ ಕೂಗು ನಿನ್ನ ದನಿಗಿಂತ ಚೆನ್ನಾಗಿ ಸುದ್ದಿ ಹೇಳುತ್ತದೆ, ಅದನ್ನು ಕೇಳಿಸಲು ಬಿಡು. ರಿಪ್ಲೇ ಬರುತ್ತದೆ, ನಿನ್ನ ಸರದಿ ಆಗ. ಬೆನೋ ಅವರ ಹಳೆಯ ರೆಕಾರ್ಡಿಂಗ್ ಹಾಕಿಕೊಂಡು ಒಂದು ಓವರ್ ಕೇಳು, ಈ ತಾಳ ನಿನಗೇ ಸಿಗುತ್ತದೆ.

ಅದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಮಟ್ಟಿಗೆ ಅವರ ಕಸುಬಿನ ಶಿಖರ ಅದೇ. ಅದಕ್ಕೆ ಮುನ್ನ ಅವರೇ ಆಡಿದ ಒಂದು ಪಂದ್ಯವನ್ನು ನೆನೆಯಬೇಕು. 1961ರಲ್ಲಿ ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಇಂಗ್ಲೆಂಡಿಗೆ ಗೆಲ್ಲಲು 256 ಬೇಕಿತ್ತು, ಒಂದೇ ವಿಕೆಟ್ಟಿಗೆ 150 ಹೊಡೆದಾಗಿತ್ತು. ಟೆಡ್ ಡೆಕ್ಸ್‌ಟರ್ ಮೈಮೇಲೆ ದೇವರು ಬಂದವರಂತೆ ಆಡುತ್ತಿದ್ದರು. ಬೆನೋ ಅವರ ಭುಜ ಕೆಟ್ಟಿತ್ತು. ಅವರು ರೌಂಡ್ ದ ವಿಕೆಟ್ ಬಂದು, ವೇಗದ ಬೌಲರ್‌ಗಳ ಬೂಟು ಕೆತ್ತಿದ ಒರಟು ಜಾಗದಲ್ಲಿ ಚೆಂಡು ಬೀಳಿಸತೊಡಗಿದರು. ಡೆಕ್ಸ್‌ಟರ್ ಹೋದರು. ನಾಯಕ ಪೀಟರ್ ಮೇ ಅವರ ಕಾಲ ಹಿಂದಿನಿಂದ ಚೆಂಡು ನುಗ್ಗಿ ಸ್ಟಂಪು ಬಿತ್ತು, ಸೊನ್ನೆ. ಬೆನೋ 70ಕ್ಕೆ 6. ಇಂಗ್ಲೆಂಡ್ 201ಕ್ಕೆ ಮುಗಿಯಿತು.

ಮೂವತ್ತೆರಡು ವರ್ಷ ಕಳೆದು, 1993ರ ಜೂನ್ 4ರಂದು ಅದೇ ಮೈದಾನದಲ್ಲಿ ಶೇನ್ ವಾರ್ನ್ ಎಂಬ ಹುಡುಗ ಆ್ಯಶಸ್ ಟೆಸ್ಟ್‌ನಲ್ಲಿ ತನ್ನ ಮೊದಲ ಚೆಂಡು ಹಾಕಿದ. ಲೆಗ್ ಸ್ಟಂಪಿನ ಆಚೆ ಬಿದ್ದ ಚೆಂಡು ಮೈಕ್ ಗ್ಯಾಟಿಂಗ್ ಅವರ ಬ್ಯಾಟನ್ನು ದಾಟಿ ಆಫ್ ಸ್ಟಂಪಿನ ನೆತ್ತಿಗೆ ತಗುಲಿತು. ಮೈಕ್ ಬೆನೋ ಅವರ ಕೈಯಲ್ಲಿತ್ತು. ಯೋಚನೆ ಮಾಡು. ಲೆಗ್ ಸ್ಪಿನ್ ಅಂದರೇನೆಂದು ಅವರಷ್ಟು ಬಲ್ಲವರು ಆ ಬಾಕ್ಸಿನಲ್ಲಿ ಇನ್ನೊಬ್ಬರಿರಲಿಲ್ಲ. ಅದೇ ನೆಲದ ಮೇಲೆ ತಾವು ಮಾಡಿದ್ದನ್ನು ನೆನಪಿಸಲು ಇದಕ್ಕಿಂತ ಒಳ್ಳೆಯ ಸಂದರ್ಭವೂ ಇರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಸಾಧಿಸಿಬಿಟ್ಟ ಎಂದರು, ಎಂಥ ಸುಂದರ ಚೆಂಡಿನಿಂದ ಶುರು ಮಾಡಿದ್ದಾನೆ ಎಂದರು. ಏನಾಯಿತೆಂದು ಗ್ಯಾಟಿಂಗ್‌ಗೆ ಕಿಂಚಿತ್ತೂ ಗೊತ್ತಾಗಿಲ್ಲ ಎಂದು ಹೇಳಿ ನಿಲ್ಲಿಸಿದರು. ಕ್ಯಾಮೆರಾ ಗ್ಯಾಟಿಂಗ್ ಮುಖ ತೋರಿಸುತ್ತಿದ್ದಂತೆ, ಇನ್ನೂ ಗೊತ್ತಾಗಿಲ್ಲ ಎಂದು ಸೇರಿಸಿದರು. ಆ ಎರಡನೆಯ ಮಾತಿಗಾಗಿ ನಾನು ಅವರಿಗೆ ನಮಸ್ಕಾರ ಮಾಡುತ್ತೇನೆ. ಚಿತ್ರ ಬಂದಿತ್ತು, ಚಿತ್ರಕ್ಕೆ ಬೇಕಾದಷ್ಟೇ ಮಾತು ಬಂತು. ತಾನು ಎಂಬುದು ಎಲ್ಲೂ ಬರಲಿಲ್ಲ.

1981ರಲ್ಲಿ ಹೆಡಿಂಗ್ಲಿಯಲ್ಲಿ ಫಾಲೋ ಆನ್ ಆದ ಇಂಗ್ಲೆಂಡನ್ನು ಇಯಾನ್ ಬೋಥಮ್ 149 ಹೊಡೆದು ಮೇಲೆತ್ತಿದರಲ್ಲ, ಆಗ ಒಂದು ಸಿಕ್ಸರಿಗೆ ಅವರು, ಇದರ ಹಿಂದೆ ಓಡುವುದಿರಲಿ ಹುಡುಕುವುದೂ ಬೇಡ, ಮಿಠಾಯಿ ಅಂಗಡಿಯೊಳಗೆ ಹೋಗಿ ಹೊರಗೂ ಬಂತು ಅಂದರು. ನಗಿಸುವುದೂ ಗೊತ್ತಿತ್ತು ಅವರಿಗೆ. ಆದರೆ ಅದಕ್ಕೆ ಆಟವೇ ಕಾರಣ ಕೊಡಬೇಕಿತ್ತು.

ಕಡಿಮೆ ಮಾತಾಡುವವರು ಯಾರ ಮನಸ್ಸನ್ನೂ ನೋಯಿಸದೆ ಜಾಗ ಉಳಿಸಿಕೊಳ್ಳುತ್ತಾರೆ ಅಂತ ಮಾತ್ರ ತಿಳಿಯಬೇಡ. ಅದೇ 1981ರ ಫೆಬ್ರುವರಿ 1ರಂದು ಮೆಲ್ಬರ್ನ್‌ನಲ್ಲಿ ನ್ಯೂಜಿಲೆಂಡಿಗೆ ಪಂದ್ಯ ಟೈ ಮಾಡಲು ಕೊನೆಯ ಚೆಂಡಿಗೆ ಆರು ರನ್ ಬೇಕಿತ್ತು. ಆಸ್ಟ್ರೇಲಿಯಾ ನಾಯಕ ಗ್ರೆಗ್ ಚಾಪೆಲ್ ತಮ್ಮ ಕಿರಿಯ ಸಹೋದರ ಟ್ರೆವರ್‌ಗೆ ಚೆಂಡನ್ನು ನೆಲದ ಮೇಲೆ ಉರುಳಿಸಲು ಹೇಳಿದರು. ನಿಯಮದಲ್ಲಿ ಆಗ ಅದಕ್ಕೆ ಅಡ್ಡಿಯಿರಲಿಲ್ಲ. ಬ್ಯಾಟ್ಸ್‌ಮನ್ ಬ್ರಯನ್ ಮೆಕೆಕ್ನಿ ಚೆಂಡನ್ನು ತಡೆದು ಬ್ಯಾಟು ಬಿಸಾಡಿದರು. ಆ ದಿನದ ಪ್ರಸಾರದ ಕೊನೆಗೆ ಬೆನೋ ಕ್ಯಾಮೆರಾ ಮುಂದೆ ನಿಂತು, ಇದು ನಾಚಿಕೆಗೇಡು, ಕ್ರಿಕೆಟ್ ಮೈದಾನದಲ್ಲಿ ನಾನು ಕಂಡ ಅತ್ಯಂತ ಕೆಟ್ಟ ಕೆಲಸಗಳಲ್ಲಿ ಒಂದು, ಇಂಥದ್ದು ಮತ್ತೆಂದೂ ನಡೆಯಕೂಡದು ಎಂದರು. ಬೌಲರ್‌ಗಳ ಓವರ್ ಲೆಕ್ಕವನ್ನು ನಾಯಕ ಸರಿಯಾಗಿ ಇಟ್ಟುಕೊಳ್ಳಲಿಲ್ಲ ಎಂಬುದನ್ನೂ ಬಿಡದೆ ಹೇಳಿದರು. ದನಿ ಏರಲಿಲ್ಲ. ಗೆದ್ದದ್ದು ಅವರದೇ ದೇಶ, ಪ್ರಸಾರ ಮಾಡುತ್ತಿದ್ದುದು ಅವರಿಗೆ ಸಂಬಳ ಕೊಡುವ ಚಾನೆಲ್ ನೈನ್. ಮರುದಿನ ಎರಡೂ ದೇಶದ ಪ್ರಧಾನಿಗಳು ಮಾತಾಡಿದರು, ಆಮೇಲೆ ಅಂಡರ್‌ಆರ್ಮ್ ಎಸೆತಕ್ಕೇ ನಿಷೇಧ ಬಂತು. ಆದರೆ ಮೊದಲ ತೀರ್ಪು ಕಾಮೆಂಟರಿ ಬಾಕ್ಸಿನಿಂದಲೇ ಬಂದಿತ್ತು. ಇಡೀ ದಿನ ಹೊಗಳಿಕೆ ಸುರಿಯುವವರು ಇಂಥ ಹೊತ್ತಿನಲ್ಲಿ ಬೈದರೆ ಯಾರೂ ಕಿವಿಗೊಡುವುದಿಲ್ಲ ಮಾರಾಯ್ತಿ. ಕೈಬಿಟ್ಟ ಕ್ಯಾಚನ್ನು ದುರಂತ ಅನ್ನಬೇಡಿ, ಟೈಟಾನಿಕ್ ಮುಳುಗಿದ್ದು ದುರಂತ ಎಂದು ಅವರು ಕಿರಿಯ ಕಾಮೆಂಟೇಟರ್‌ಗಳಿಗೆ ಹೇಳುತ್ತಿದ್ದುದು ಇದಕ್ಕೇ. ತಂಡದಲ್ಲಿ ನೀವಿಲ್ಲದ ಮೇಲೆ ‘ನಾವು ಗೆದ್ದೆವು’ ಅನ್ನಬೇಡಿ ಎಂಬುದೂ ಅವರ ಮಾತೇ. ಕನ್ನಡದಲ್ಲಿ ‘ನಮ್ಮ ಹುಡುಗರು’ ಎಂಬುದು ನಾಲಗೆಯ ತುದಿಯಲ್ಲೇ ಇರುತ್ತದೆ, ಅದು ಪ್ರೀತಿಯಿಂದ ಬರುವ ಮಾತು ಎಂದು ನನಗೆ ಗೊತ್ತು. ಪ್ರೀತಿ ಇರಲಿ, ಎದುರಾಳಿಯ ಒಳ್ಳೆಯ ಚೆಂಡಿಗೂ ನಿನ್ನ ದನಿಯಲ್ಲಿ ಅಷ್ಟೇ ಸಂತೋಷ ಇರಲಿ.

ಅವರ ಬದುಕಿನಲ್ಲಿ ವಾದಕ್ಕೆ ಎಡೆಯಿದ್ದ ಸಂಗತಿಯೂ ಇದೆ. 1977ರಲ್ಲಿ ಚಾನೆಲ್ ನೈನ್‌ನ ಒಡೆಯ ಕೆರ್ರಿ ಪ್ಯಾಕರ್ ಕ್ರಿಕೆಟ್ ಮಂಡಳಿಗಳನ್ನು ಎದುರು ಹಾಕಿಕೊಂಡು ವರ್ಲ್ಡ್ ಸೀರೀಸ್ ಕ್ರಿಕೆಟ್ ಕಟ್ಟಿದಾಗ ಬೆನೋ ಸಲಹೆಗಾರರಾಗಿ ಅವರ ಜೊತೆ ನಿಂತರು. ಹಳೆಯ ಸ್ನೇಹಿತರು ಕೆಲವರು ದೂರವಾದರು. ಆಟಗಾರರಿಗೆ ಅಷ್ಟು ಕಡಿಮೆ ಹಣ ಸಿಗುತ್ತಿದ್ದ ಕಾಲದಲ್ಲಿ ಅವರು ನಿಂತ ಕಡೆ ಸರಿ ಎಂಬುದು ನನ್ನ ಅಭಿಪ್ರಾಯ. ರಾತ್ರಿ ಪಂದ್ಯ, ಬಿಳಿ ಚೆಂಡು, ಬಣ್ಣದ ಉಡುಪು, ಮೈದಾನದ ಎರಡೂ ತುದಿಗಳಿಂದ ಕ್ಯಾಮೆರಾ ಹಿಡಿಯುವುದು, ಇವೆಲ್ಲ ಆ ಜಗಳದಿಂದ ಹುಟ್ಟಿದವು. ನೀನು ನಾಳೆ ಕೆಲಸ ಮಾಡುವ ಪ್ರಸಾರದ ಅಡಿಪಾಯ ಅಲ್ಲಿದೆ.

2005ರ ವಿಷಯ ಹೇಳದೆ ಕಾಗದ ಮುಗಿಸಲಾರೆ. ಇಂಗ್ಲೆಂಡಿನ ಟೆಸ್ಟ್ ಪ್ರಸಾರದ ಹಕ್ಕು ಮುಂದಿನ ವರ್ಷದಿಂದ ಚಂದಾ ಕಟ್ಟಿದವರಿಗೆ ಮಾತ್ರ ಕಾಣುವ ಚಾನೆಲ್ಲಿಗೆ ಹೋಗುವುದಿತ್ತು. ಕ್ರಿಕೆಟ್ಟು ಎಲ್ಲರ ಮನೆಗೂ ಪುಕ್ಕಟೆಯಾಗಿ ತಲುಪಬೇಕು ಎಂದು ನಂಬಿದ್ದ ಬೆನೋ, ಇಂಗ್ಲೆಂಡಿನಲ್ಲಿ ಮೈಕ್ ಕೆಳಗಿಡಲು ನಿರ್ಧರಿಸಿದರು. ನಲವತ್ತೆರಡು ವರ್ಷದ ಸೇವೆ, ಬಿಬಿಸಿಯಲ್ಲಿ ಶುರುವಾಗಿ ಚಾನೆಲ್ ಫೋರ್‌ನಲ್ಲಿ ಮುಗಿಯಿತು. ಸೆಪ್ಟೆಂಬರ್ 12, ಓವಲ್ ಮೈದಾನ, ಆ್ಯಶಸ್‌ನ ಕೊನೆಯ ದಿನ. 1986–87ರ ನಂತರ ಮೊದಲ ಸಲ ಇಂಗ್ಲೆಂಡ್ ಆ್ಯಶಸ್ ಗೆಲ್ಲುವುದರಲ್ಲಿತ್ತು. ಕೆವಿನ್ ಪೀಟರ್‌ಸನ್ 158 ಹೊಡೆದು ನಿಂತಿದ್ದರು. ಬೆನೋ ತಮ್ಮ ಕೊನೆಯ ಮಾತುಗಳನ್ನು ಆಡುತ್ತ ವೀಕ್ಷಕರಿಗೆ ಕೃತಜ್ಞತೆ ಹೇಳುತ್ತಿದ್ದರು. ಅಷ್ಟರಲ್ಲಿ ಗ್ಲೆನ್ ಮೆಕ್‌ಗ್ರಾ ಚೆಂಡಿಗೆ ಪೀಟರ್‌ಸನ್ ಬೌಲ್ಡ್. ನಲವತ್ತೆರಡು ವರ್ಷದ ವಿದಾಯವನ್ನು ವಾಕ್ಯದ ನಡುವೆಯೇ ಬದಿಗಿಟ್ಟು, ಅವರು ವಿಕೆಟ್ಟಿನ ವಿವರ ಹೇಳಿದರು. ಮೆಕ್‌ಗ್ರಾ ಎಸೆದದ್ದು ಎಂಥ ಚೆಂಡು, ಪೀಟರ್‌ಸನ್ ಆಡಿದ್ದು ಎಂಥ ಇನಿಂಗ್ಸ್ ಎಂದರು. ಆಮೇಲೆ ಮೈಕನ್ನು ಜೊತೆಯವರಿಗೆ ಒಪ್ಪಿಸಿ ಎದ್ದರು. ನನ್ನ ವಿದಾಯಕ್ಕಿಂತ ಆ ವಿಕೆಟ್ ದೊಡ್ಡದು ಎಂದು ಅವರು ಕಲಿಸಲು ಹೊರಟಿರಲಿಲ್ಲ, ಅವರಿಗೆ ಹಾಗಲ್ಲದೆ ಬೇರೆ ರೀತಿ ಗೊತ್ತಿರಲಿಲ್ಲ.

ಆಸ್ಟ್ರೇಲಿಯಾದಲ್ಲಿ 2013ರವರೆಗೂ ಚಾನೆಲ್ ನೈನ್‌ನಲ್ಲಿ ಮುಂದುವರಿದರು. ಆ ವರ್ಷ ಅವರ ಹಳೆಯ ಕಾರು ಗೋಡೆಗೆ ಬಡಿದು ಪೆಟ್ಟಾಯಿತು, ಮತ್ತೆ ಬಾಕ್ಸಿಗೆ ಮರಳಲಾಗಲಿಲ್ಲ. ಮುಂದಿನ ವರ್ಷ ಚರ್ಮದ ಕ್ಯಾನ್ಸರ್ ಎಂದು ಅವರೇ ಹೇಳಿದರು. ಆಡುವ ದಿನಗಳಲ್ಲಿ ಟೋಪಿ ಹಾಕುತ್ತಿರಲಿಲ್ಲ, ಈಗಿನ ಮಕ್ಕಳು ಬಿಸಿಲಿನಲ್ಲಿ ತಲೆ ಮುಚ್ಚಿಕೊಳ್ಳಿ ಎಂದು ಕೇಳಿಕೊಂಡರು. ಆ ಚಿಕಿತ್ಸೆಯ ನಡುವೆಯೇ, ಕುತ್ತಿಗೆಗೆ ಚೆಂಡು ಬಡಿದು ಇಪ್ಪತ್ತೈದರಲ್ಲಿ ತೀರಿಕೊಂಡ ಫಿಲಿಪ್ ಹ್ಯೂಸ್‌ಗಾಗಿ ದನಿ ಕೊಟ್ಟರು. 2014ರ ಡಿಸೆಂಬರ್ 9ರಂದು ಅಡಿಲೇಡ್‌ನಲ್ಲಿ ಭಾರತದ ಎದುರಿನ ಟೆಸ್ಟ್ ಶುರುವಾಗುವ ಮುನ್ನ ಅದನ್ನು ಕೇಳಿಸಿದರು. ಹತ್ತಾರು ಪದ ಅಷ್ಟೇ, ಕೊನೆಯಲ್ಲಿ ‘ಮಗನೇ’ ಎಂಬ ಒಂದು ಸಂಬೋಧನೆ. ಟೀವಿ ಮುಂದೆ ಕೂತಿದ್ದ ನಿನ್ನ ಅತ್ತೆ ಕಣ್ಣೊರೆಸಿಕೊಂಡಳು, ಅವಳಿಗೆ ಕ್ರಿಕೆಟ್ಟಿನ ಗಂಧವಿಲ್ಲ. 2015ರ ಏಪ್ರಿಲ್ 10ರಂದು ಬೆನೋ ಹೋದರು, ಎಂಬತ್ತನಾಲ್ಕು ವರ್ಷ. ಸರಕಾರಿ ಗೌರವದ ಅಂತ್ಯಕ್ರಿಯೆ ಮಾಡುವುದಾಗಿ ಪ್ರಧಾನಿ ಹೇಳಿದಾಗ ಮನೆಯವರು ನಯವಾಗಿ ಬೇಡವೆಂದರು.

ಪುಟ್ಟೀ, ಬೆನೋ ಅವರಂತೆ ಮಾತಾಡು ಅಂತ ಈ ಕಾಗದ ಬರೆದದ್ದಲ್ಲ. ಅವರದ್ದು ಅವರ ದೇಶದ ದನಿ. ನಮ್ಮ ಕನ್ನಡ ಕಾಮೆಂಟರಿಗೆ ಒಂದು ಲವಲವಿಕೆ ಇದೆ, ಊರ ಕಟ್ಟೆಯ ಮೇಲೆ ಕೂತು ಆಟ ನೋಡುವವರ ಸಲಿಗೆ ಇದೆ. ಅದನ್ನು ಕಳೆದುಕೊಳ್ಳಬೇಡ. ಟಿ20ಯಲ್ಲಿ ಟೆಸ್ಟ್‌ನಷ್ಟು ಬಿಡುವು ಸಿಗುವುದಿಲ್ಲ, ಚಾನೆಲ್ಲಿನವರಿಗೆ ಅವರದೇ ಒತ್ತಡಗಳಿರುತ್ತವೆ, ಹೊಸಬಳಾದ ನೀನು ಎದುರು ವಾದಿಸಲೂ ಬೇಡ. ಸಿಕ್ಕ ಕಡೆ ಎರಡು ಉಸಿರಿನಷ್ಟು ಜಾಗ ಬಿಟ್ಟು ನೋಡು. ಯಾರೂ ಚಾನೆಲ್ ಬದಲಿಸುವುದಿಲ್ಲ. ಮುಂದೊಂದು ದಿನ ಆ ತರಬೇತುದಾರರೇ ನಿನ್ನ ಪಕ್ಕ ಕೂತು ಅದನ್ನು ಗಮನಿಸಿಯಾರು.

ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಪಂದ್ಯದ ಹಿಂದಿನ ದಿನ ನೆಟ್ಸ್‌ಗೆ ಹೋಗು, ಆಟಗಾರರ ಹೆಸರನ್ನು ಅವರ ಬಾಯಿಂದಲೇ ಕೇಳಿ ಉಚ್ಚಾರ ಸರಿ ಮಾಡಿಕೊ. ಪಿಚ್ ನೋಡಿಕೊಳ್ಳುವವರ ಹತ್ತಿರ ಮಾತಾಡು, ನೆಲದ ವಿಷಯ ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ. ಬೆಂಗಳೂರಿನಾಚೆಯ ಹುಡುಗಿಯರು, ಹುಡುಗರು ಎಲ್ಲಿಂದ ಬಂದರು, ಯಾರ ಹತ್ತಿರ ಕಲಿತರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊ. ಅದರಲ್ಲಿ ಹತ್ತರಲ್ಲಿ ಒಂದು ಬಳಕೆಗೆ ಬಂದೀತು, ಉಳಿದ ಒಂಬತ್ತು ನಿನಗೆ ಧೈರ್ಯ ಕೊಡುತ್ತವೆ. ಸಂಜೆ ಆಡುವುದನ್ನು ಬಿಡಬೇಡ, ವಾರಕ್ಕೊಮ್ಮೆಯಾದರೂ ಚೆಂಡು ತಿರುಗಿಸು. ಬಿಸಿಲಿಗೆ ಹೋಗುವಾಗ ತಲೆಗೆ ಟೋಪಿ ಹಾಕಿಕೊ. ಗಂಟಲಿಗೆ ಅಂತ ಅತ್ತೆ ಕಾಳುಮೆಣಸಿನ ಕಷಾಯದ ಪುಡಿ ಮಾಡಿಟ್ಟಿದ್ದಾಳೆ, ಮುಂದಿನ ವಾರ ಬಸ್ಸಿಗೆ ಕೊಟ್ಟು ಕಳಿಸುತ್ತೇವೆ. ಭಾವನವರಿಗೂ ಅಕ್ಕನಿಗೂ ನಮಸ್ಕಾರ ಹೇಳು.

ನಿನ್ನ ಮೊದಲ ಪಂದ್ಯ ಯಾವ ದಿನ, ಯಾವ ಚಾನೆಲ್, ಎಷ್ಟು ಗಂಟೆಗೆ ಅಂತ ತಪ್ಪದೆ ತಿಳಿಸು. ಪಂದ್ಯ ಮುಗಿದ ಮೇಲೆ ನನ್ನ ಅಭಿಪ್ರಾಯ ಕೇಳಲು ಫೋನ್ ಮಾಡು, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ